ಎಂಬತ್ತಮೂರನೆಯ ಸಾಲು

ಗಿರಣಿಯ ಬೆಲ್ಟಿಗೆ ಒಂದು ಕಡೆ ತೇಪೆ ಹಾಕಿದ್ದರು. ಬೆಲ್ಟು ಒಂದು ಸುತ್ತು ಬಂದು ಆ ತೇಪೆ ಚಕ್ರವನ್ನು ಮುಟ್ಟಿದಾಗಲೆಲ್ಲ ‘ಚಟ್’ ಎಂದು ಒಂದು ಸದ್ದು. ಮೊದಲು ನಿಧಾನವಾಗಿ, ಆಮೇಲೆ ಒಂದರ ಬೆನ್ನಿಗೆ ಒಂದು. ಕುಮಾರಸ್ವಾಮಿ ಲೇಔಟಿನ ಆ ಅಡ್ಡರಸ್ತೆಯವರಿಗೆ ಬೆಳಗಾಯಿತೆಂದು ತಿಳಿಯುತ್ತಿದ್ದದ್ದು ಹೀಗೆ. ಗಿರಣಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಬಾಡಿಗೆಗಿದ್ದ ಶರಣಮ್ಮನಿಗೆ ಸದ್ದಿನ ವೇಗ ಕೇಳಿಯೇ ಒಳಗೆ ಏನು ಬೀಳುತ್ತಿದೆ ಎಂದು ಗೊತ್ತಾಗುತ್ತಿತ್ತು. ರಾಗಿಗೆ ಒಂದು ವೇಗ, ಗೋಧಿಗೆ ಒಂದು, ಅವಳ ಬಿಳಿ ಜೋಳಕ್ಕೆ ಇನ್ನೊಂದು.

ಅವಳಿಗೆ ನಲವತ್ತಾರು ವಯಸ್ಸು. ಹನ್ನೆರಡು ವರ್ಷದ ಹಿಂದೆ ಕುಕನೂರಿನ ಕಡೆಯ ಹಳ್ಳಿಯಿಂದ ಗಂಡ ಲಕ್ಕಪ್ಪನ ಜೊತೆ ಬಂದವಳು. ಲಕ್ಕಪ್ಪ ಮೊದಲು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮೊಣಕಾಲು ಮಾತು ಕೇಳದಂತಾದ ಮೇಲೆ ಗಿರಿನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಹಗಲು ಪಾಳಿಯ ಸೆಕ್ಯುರಿಟಿಯಾಗಿ ಸೇರಿಕೊಂಡ. ಕಟ್ಟಡದ ಕೆಲಸದಲ್ಲಿದ್ದ ತನ್ನ ಕಡೆಯ ಜನರಿಗಾಗಿ ಶರಣಮ್ಮ ರೊಟ್ಟಿ ಬಡಿಯಲು ಶುರುಮಾಡಿದಳು. ಆಮೇಲೆ ಬಸ್ಸಿಗೆ ಕಾಯುವವರು ಕೇಳಿದರು. ಆಮೇಲೆ ಆಫೀಸಿನಿಂದ ಬರುವವರು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, ‘ಆಂಟಿ, ನಾಲ್ಕು ಕಡಕ್, ಎರಡು ಮೆತ್ತಗೆ’ ಎನ್ನಲು ಶುರುಮಾಡಿದರು.

ರಿಂಗ್ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಹೊಂಗೆ ಮರವೊಂದರ ಕೆಳಗೆ ಅವಳ ಜಾಗ. ಜಾಗ ಎಂದರೆ ಎರಡು ಕೈ ಚಾಚಿದರೆ ಮುಗಿದುಹೋಗುವಷ್ಟು. ಬೇಸಿಗೆಯಲ್ಲಿ ಹೊಂಗೆಯ ಹೂವು ರೊಟ್ಟಿಯ ಬಟ್ಟೆಯ ಮೇಲೆ ಉದುರುತ್ತಿತ್ತು. ಅವಳು ಅದನ್ನು ಕೊಡವುತ್ತಿರಲಿಲ್ಲ, ಒಂದೊಂದಾಗಿ ಹೆಕ್ಕುತ್ತಿದ್ದಳು. ಆ ಜಾಗಕ್ಕೆ ಕಾಗದವಿರಲಿಲ್ಲ. ಇದ್ದದ್ದು ಅಕ್ಕಪಕ್ಕದವರ ನೆನಪು. ಗೊತ್ತಿಲ್ಲದ ಯಾರಾದರೂ ಬಂದು ಕೂತರೆ ಎಳನೀರಿನ ವಿಷ್ಣು ಕತ್ತಿಯಿಂದ ತಲೆಯೆತ್ತದೆಯೇ, “ಅದು ರೊಟ್ಟಿ ಅಕ್ಕನ ಜಾಗ ಗುರು, ಎದ್ದೇಳು” ಎನ್ನುತ್ತಿದ್ದ. ಅಷ್ಟೇ ದಾಖಲೆ.

ಈ ವರ್ಷ ಸರ್ವಿಸ್ ರಸ್ತೆಯಡಿಯ ದೊಡ್ಡ ಮೋರಿಯನ್ನು ಅಗೆದು ಅಗಲ ಮಾಡುವ ಕೆಲಸ ಬಂತು. ವ್ಯಾಪಾರಿಗಳೆಲ್ಲ ಅರ್ಧ ಕಿಲೋಮೀಟರು ಆಚೆ ಹೊಸದಾಗಿ ಎದ್ದ ಶೀಟಿನ ಶೆಡ್ಡಿಗೆ ಹೋಗಬೇಕೆಂದಾಯಿತು. ಶೆಡ್ಡಿನಲ್ಲಿ ತೊಂಬತ್ತಾರು ಜಾಗ. ಮೊದಲ ಇಪ್ಪತ್ತು ಬಸ್ ನಿಲ್ದಾಣಕ್ಕೆ ಎದುರಾಗಿದ್ದವು. ಉಳಿದವು ಒಳಗೊಳಗೆ ಹೋಗುತ್ತಾ, ಎಂಬತ್ತು ದಾಟಿದ ಮೇಲೆ ಮೋರಿಯ ಅಂಚಿನಲ್ಲಿ, ಹಿಂಗೋಡೆಗೆ ಮುಖ ಮಾಡಿ ಕೂರುವಂತೆ ಇದ್ದವು. ಬಸ್ಸಿಳಿದು ಮನೆಗೆ ಓಡುವ ಜನ ಅಲ್ಲಿಯವರೆಗೆ ರೊಟ್ಟಿ ಹುಡುಕಿಕೊಂಡು ಬರುವುದಿಲ್ಲ ಎಂಬುದು ಶರಣಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂದಿನ ರೊಟ್ಟಿ ಅಂದೇ ಹೋಗಬೇಕು.

ಎಷ್ಟು ವರ್ಷದಿಂದ ಕೂರುತ್ತಿದ್ದಾರೋ ಆ ಹಿರಿತನದಂತೆ ಜಾಗ ಎಂದು ವ್ಯಾಪಾರಿಗಳ ಸಂಘ ಒಪ್ಪಿತು. ಸಂಘದ ಕಾರ್ಯದರ್ಶಿ ಕೈಲಾಸ್, ಮೊಬೈಲ್ ಕವರು, ಚಾರ್ಜರು ಮಾರುವವನು. ಶರ್ಟಿನ ಕಾಲರು ಯಾವತ್ತೂ ಕೊಳೆಯಾಗದಂಥ ಮನುಷ್ಯ. ಸಭೆಯಲ್ಲಿ ಎದ್ದು ನಿಂತು ಹೇಳಿದ.

“ಪೇಪರ್ ಲಿಸ್ಟ್ ಅಂದ್ರೆ ಒಬ್ರು ಹರೀತಾರೆ, ಇನ್ನೊಬ್ರು ತಿದ್ತಾರೆ. ಅದಕ್ಕೆ ಈ ಸಲ ‘ಸರದಿ’ ಅಂತ ಆ್ಯಪ್ ತಂದಿದೀನಿ. ಬ್ಲಾಕ್‌ಚೈನ್! ಒಂದು ಸಲ ಹೋದ್ರೆ ಹೋಯ್ತು, ದೇವರೇ ಬಂದ್ರೂ ತಿದ್ದೋಕಾಗಲ್ಲ.”

“ದೇವ್ರಿಗೆ ಬೇರೆ ಕೆಲ್ಸ ಇಲ್ವಾ ಕೈಲಾಸಣ್ಣ, ನಮ್ಮ ಲಿಸ್ಟ್ ತಿದ್ದೋಕೆ?” ಎಂದ ವಿಷ್ಣು. ಎಲ್ಲರೂ ನಕ್ಕರು. ಎಲ್ಲರೂ ಒಪ್ಪಿದರು.

ಪಟ್ಟಿ ಆ್ಯಪಿನಲ್ಲಿ ಮೂರು ದಿನ ತೆರೆದಿತ್ತು. ಆಗ ನಡೆದದ್ದು ಇಷ್ಟು. ಪ್ರತಿಯೊಬ್ಬರೂ ತಮ್ಮ ಹೆಸರು ಹುಡುಕಿದರು, ಬೆರಳಿಟ್ಟು ನೋಡಿದರು, ಒಂದು ಫೋಟೊ ತೆಗೆದುಕೊಂಡರು, ಮುಚ್ಚಿದರು. ಹಿಂದೆ ಗೋಡೆಗೆ ಪಟ್ಟಿ ಅಂಟಿಸುತ್ತಿದ್ದ ಕಾಲದಲ್ಲೂ ಹಾಗೆಯೇ. ತನ್ನ ಹೆಸರು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುವುದೇ ರೂಢಿ. ಇಡೀ ಪಟ್ಟಿಯನ್ನು ಒಬ್ಬರೂ ಓದಲಿಲ್ಲ, ಒಬ್ಬರೂ ಇಟ್ಟುಕೊಳ್ಳಲಿಲ್ಲ. ಶರಣಮ್ಮನ ಸಾಲು ಹದಿನಾಲ್ಕನೆಯದು. ಅವಳು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ನಿಧಾನ, ಅಂಕಿ ಬಲು ಚುರುಕು. ಹೆಸರಿನ ಮುಂದೆ ಯಂತ್ರವೇ ಕೊಟ್ಟ ಹನ್ನೆರಡು ಅಂಕಿಯ ಒಂದು ಸಂಖ್ಯೆಯೂ ಇತ್ತು. ಲಕ್ಕಪ್ಪನ ಫೋನಿನಿಂದ ತನ್ನ ಫೋನಿನ ಫೋಟೊ ತೆಗೆಸಿ, ಅದನ್ನು ತನ್ನ ಫೋನಿಗೆ ಕಳಿಸಿಕೊಂಡಳು. ಅದರಲ್ಲಿ ಅವನ ಹೆಬ್ಬೆರಳೂ ಬಂದಿತ್ತು.

ನಾಲ್ಕನೆಯ ದಿನ ಪಟ್ಟಿಯ ಪುಟ ಮುಚ್ಚಿತು. ಆ್ಯಪ್ ತೆರೆದರೆ ಒಂದು ಹಸಿರು ಟಿಕ್ ಮಾತ್ರ. ಇನ್ನೊಂದು ತಿಂಗಳಾದ ಮೇಲೆ, ಒಂದು ಶನಿವಾರ, ಸಂಘದ ಆಫೀಸಿನ ಕೆಳಗಿನ ಗೋಡೆಗೆ ಛಾಪಿಸಿದ ಪಟ್ಟಿ ಬಂತು. ಸಂಖ್ಯೆ ಮತ್ತು ಹೆಸರು ಅಷ್ಟೇ. ಆಕ್ಷೇಪಣೆ ಇದ್ದವರು ಏಳು ದಿನದೊಳಗೆ, ಅಂದರೆ ಬರುವ ಶನಿವಾರ ನಾಲ್ಕು ಗಂಟೆಯೊಳಗೆ, ಪುರಾವೆ ಸಹಿತ ಸಲ್ಲಿಸಬೇಕು ಎಂದು ಕೆಳಗೆ ಬರೆದಿತ್ತು.

ಹದಿನಾಲ್ಕರಲ್ಲಿ ಅಂಜನಮ್ಮ ಎಂದಿತ್ತು. ಶರಣಮ್ಮನ ಹೆಸರು ಎಂಬತ್ತಮೂರರಲ್ಲಿತ್ತು.

ಅವಳು ಎರಡು ಸಲ ಎಣಿಸಿದಳು. ಮೂರನೆಯ ಸಲ ಎಣಿಸಲಿಲ್ಲ. ಮರುದಿನ ಕೈಲಾಸನ ಅಂಗಡಿಯ ಮುಂದೆ ಹೋಗಿ ನಿಂತಳು.

“ಕೈಲಾಸಣ್ಣಾರ, ನನ್ನ ನಂಬರ ಹದಿನಾಕ ಇತ್ತಲ್ರಿ.”

“ಯಾರು ಹೇಳಿದ್ದು?”

“ಫೋಟೊ ಐತ್ರಿ. ನೋಡ್ರಿ.”

ಅವನು ನೋಡಿದ. ಹೆಬ್ಬೆರಳನ್ನು ಸ್ವಲ್ಪ ಹೆಚ್ಚೇ ನೋಡಿದ. “ಅಕ್ಕ, ಇವತ್ತು ಫೋಟೊ ಯಾರು ಬೇಕಾದ್ರೂ ಹೇಗೆ ಬೇಕಾದ್ರೂ ಮಾಡ್ತಾರೆ. ನೀವು ಮಾಡಿದೀರ ಅಂತಲ್ಲ. ನಾನು ಅದನ್ನ ಪುರಾವೆ ಅಂತ ತಗೊಂಡ್ರೆ ನಾಳೆ ತೊಂಬತ್ತಾರು ಜನ ತೊಂಬತ್ತಾರು ಫೋಟೊ ತರ್ತಾರೆ. ಇಲ್ನೋಡಿ.” ತನ್ನ ಫೋನಿನಲ್ಲಿ ಆ್ಯಪ್ ತೆರೆದು ಹಸಿರು ಟಿಕ್ ತೋರಿಸಿದ. “ಚೈನಲ್ಲಿ ಸೀಲ್ ಆಗಿದೆ. ಇದಕ್ಕಿಂತ ಸಾಕ್ಷಿ ಬೇಕಾ?”

“ಹಂಗಾರ ಆ ಚೈನಿನ್ಯಾಗಿನ ಪಟ್ಟೀನ ತೋರಸ್ರಿ.”

“ಅದು ಈ ಆ್ಯಪ್ ಮಾಡಿದ ಕಂಪನಿಯವರ ಹತ್ರ ಇದೆ. ಖಾಸಗಿ ವಿವರ ಅಕ್ಕ, ಎಲ್ಲರಿಗೂ ತೋರಿಸೋ ಹಾಗಿಲ್ಲ.”

ಆ ಸಂಜೆ ಲಕ್ಕಪ್ಪ ಚಹಾ ಕುಡಿಯುತ್ತಾ ಎಲ್ಲವನ್ನೂ ಕೇಳಿದ. “ನನ್ನ ಹೆಬ್ಬಟ್ಟು ಬಿದ್ದೈತಿ ಅದರಾಗ. ಅದಕ್ಕಿಂತ ದೊಡ್ಡ ರುಜು ಯಾವದು ಬೇಕಂತ ಅವಗ?” ಎಂದ. ಶರಣಮ್ಮ ನಗಲಿಲ್ಲ.

ಸೋಮವಾರ ಸಂಜೆ ಶರ್ವಾಣಿ ಬಂದಳು. ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ರೊಟ್ಟಿ ಒಯ್ಯುವ ಹುಡುಗಿ, ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಏನು ಕೆಲಸ ಎಂದರೆ ‘ಕಂಪ್ಯೂಟರ್ ಕೆಲಸ’ ಎಂದುಬಿಡುತ್ತಿದ್ದಳು, ಬಿಡಿಸಿ ಹೇಳಹೊರಟರೆ ರೊಟ್ಟಿ ತಣ್ಣಗಾಗುತ್ತದೆಂದು. ಅಂದು ಶರಣಮ್ಮನ ಕೈ ಚಟ್ನಿಯ ಪುಡಿಯನ್ನು ಒಂದೇ ಪೊಟ್ಟಣಕ್ಕೆ ಎರಡು ಸಲ ಹಾಕಿದ್ದು ನೋಡಿ, ಏನಾಯಿತೆಂದು ಕೇಳಿದಳು. ಕೇಳಿಸಿಕೊಂಡ ಮೇಲೆ ಸ್ಕೂಟರಿನಿಂದ ಇಳಿದು, ಹೊಂಗೆಯ ಬೇರಿನ ಮೇಲೆ ಕೂತಳು.

“ಆಂಟಿ, ಆ ಟಿಕ್ ಸುಳ್ಳಲ್ಲ.”

“ಹಂಗಾರ ನಾ ಸುಳ್ಳೇನು?”

“ನೀವೂ ನಿಜಾನೇ. ಕೇಳಿ. ಇಡೀ ಪಟ್ಟಿನ ಒಂದು ಲೆಕ್ಕಕ್ಕೆ ಹಾಕ್ತಾರೆ. ಅದು ಅರವತ್ನಾಲ್ಕು ಅಕ್ಷರದ ಒಂದು ಗುರುತು ಕೊಡುತ್ತೆ. ಪಟ್ಟಿಲಿ ಒಂದು ಅಂಕಿ ಆಚೀಚೆ ಆದ್ರೂ ಗುರುತು ಪೂರ್ತಿ ಬೇರೆ ಬರುತ್ತೆ. ಆ ಗುರುತನ್ನ ಚೈನಲ್ಲಿ ಹಾಕಿದಾರೆ. ಸಾವಿರಾರು ಕಂಪ್ಯೂಟರಲ್ಲಿ ಅದಿದೆ, ಅಳಿಸೋಕೆ ಯಾರಿಂದಲೂ ಆಗಲ್ಲ.”

“ಹಂಗಾರ ಆ ಗುರುತ ನೋಡಿ ನನ್ನ ನಂಬರ ಹೇಳವ್ವ.”

“ಅದೇ ಆಗಲ್ಲ. ಗುರುತಿಂದ ಪಟ್ಟಿ ವಾಪಸ್ ಬರಲ್ಲ. ಪಟ್ಟಿ ತಂದುಕೊಟ್ರೆ, ಇದೇನಾ ಅಲ್ವಾ ಅಂತ ಹೇಳುತ್ತೆ ಅಷ್ಟೆ.”

ಶರಣಮ್ಮ ರೊಟ್ಟಿಯ ಬಟ್ಟೆ ಸರಿಪಡಿಸಿದಳು. “ಹಿಟ್ಟಾದ ಜೋಳ ತಿರುಗಿ ಕಾಳ ಆಗೂದಿಲ್ಲ. ಹಂಗ?”

“ಹಾಂ, ಹಾಗೇ!” ಶರ್ವಾಣಿಗೆ ಖುಷಿಯಾಯಿತು. ಆಫೀಸಿನಲ್ಲಿ ಇದನ್ನು ಹೇಳಲು ಅವಳಿಗೆ ಒಮ್ಮೆ ಒಂದು ತಾಸು ಬೇಕಾಗಿತ್ತು. “ಗೋಡೆ ಮೇಲಿರೋ ಪಟ್ಟಿ ಬೇರೆ, ಸೀಲ್ ಆಗಿರೋ ಪಟ್ಟಿ ಬೇರೆ ಇರಬಹುದು. ಆದ್ರೆ ಅದನ್ನ ಹೇಳೋಕೆ ಸೀಲ್ ಆದ ಪಟ್ಟಿ ನಮ್ಮ ಕೈಲಿ ಬೇಕು. ಅದು ಆ ಕಂಪನಿಯ ಒಂದೇ ಕಂಪ್ಯೂಟರಲ್ಲಿತ್ತು, ಮೂರು ದಿನ ತೋರಿಸಿ ಬಾಗಿಲು ಹಾಕ್ಕೊಂಡ್ರು. ಆಕ್ಷೇಪಣೆಗೆ ಏಳು ದಿನ ಕೊಟ್ಟಿದಾರೆ, ಆಕ್ಷೇಪಣೆ ಮಾಡೋಕೆ ಬೇಕಾದ್ದನ್ನೇ ಕೊಟ್ಟಿಲ್ಲ.”

“ಪಟ್ಟೀನೂ ಚೈನಿನ್ಯಾಗ ಇಟ್ಟಿದ್ರ ಆಗ್ತಿತ್ತಲ್ಲ?”

“ಭಾರ ಆಗುತ್ತೆ ಆಂಟಿ. ನಿಮ್ಮಂಥ ಸಾವಿರ ಸಂಘ, ಸಾವಿರ ಪಟ್ಟಿ. ಎಲ್ಲಾನೂ ಎಲ್ಲಾ ಕಂಪ್ಯೂಟರೂ ಹೊತ್ಕೊಂಡ್ರೆ ಚೈನು ಆಮೆ ಥರ ನಡೆಯುತ್ತೆ. ಅದಕ್ಕೆ ಕೆಲಸ ಹೊರಗೆ ಮಾಡಿ ಗುರುತು ಮಾತ್ರ ಒಳಗಿಡೋದು. ಅದು ತಪ್ಪಲ್ಲ, ದೊಡ್ಡದಾಗಿ ಬೆಳೀಬೇಕು ಅಂದ್ರೆ ಹಾಗೇ ಮಾಡ್ಬೇಕು. ಆದ್ರೆ ಹಾಗೆ ಮಾಡೋರು ಪಟ್ಟಿನ ಚೂರು ಚೂರು ಮಾಡಿ ತುಂಬಾ ಜನರ ಹತ್ರ ಇಡ್ತಾರೆ. ಜೊತೆಗೆ ಹೆಚ್ಚುವರಿ ಚೂರೂ ಮಾಡಿರ್ತಾರೆ. ಅರ್ಧ ಕಳೆದುಹೋದ್ರೂ ಉಳಿದ ಅರ್ಧದಿಂದ ಪೂರ್ತಿ ಪಟ್ಟಿ ವಾಪಸ್ ಬರೋ ಹಾಗೆ. ಆಮೇಲೆ ನಿಮ್ಮಂಥೋರ ಫೋನು ಹೇಳದೆ ಕೇಳದೆ, ಎಲ್ಲಿಂದಲಾದ್ರೂ ಒಂದೆರಡು ಚೂರು ಕೊಡು ಅಂತ ಕೇಳ್ತಿರುತ್ತೆ. ತುಂಬಾ ಜನ ಕೇಳಿ ಎಲ್ಲರಿಗೂ ಸಿಕ್ತಾ ಇದ್ರೆ, ಎಲ್ಲೂ ಏನೂ ಮುಚ್ಚಿಟ್ಟಿಲ್ಲ ಅಂತ ಗೊತ್ತಾಗುತ್ತೆ. ನಾನು ಆಫೀಸಲ್ಲಿ ದಿನಾ ಪರೀಕ್ಷೆ ಮಾಡೋದು ಇದನ್ನೇ.”

“ಜ್ವಾಳದ ಚೀಲ ಕೊಳ್ಳೂ ಮುಂದ ಮ್ಯಾಲೊಮ್ಮೆ, ನಡುವೊಮ್ಮೆ, ತಳದಾಗೊಮ್ಮೆ ಕೈ ಹಾಕಿ ಹಿಡಿ ತಗೀತೀವಿ. ಇಡೀ ಚೀಲ ಸುರುವೂದಿಲ್ಲ.”

“ನೀವೇ ನಮ್ಮ ಆಫೀಸಿಗೆ ಬಂದ್ಬಿಡಿ.”

“ರೊಟ್ಟಿ ಯಾರ ಬಡೀತಾರ?” ಎಂದಳು ಶರಣಮ್ಮ. ಎರಡು ದಿನದಲ್ಲಿ ಅವಳು ಮೊದಲ ಸಲ ನಕ್ಕದ್ದು ಆಗ. ನಗು ಮುಗಿದ ಮೇಲೆ ತನ್ನ ಫೋನನ್ನು ಸೆರಗಿನಿಂದ ಒರೆಸಿ ಆ ಫೋಟೊ ತೆರೆದಳು. ಅದರಲ್ಲಿ ಅವಳ ಸಾಲಷ್ಟೇ ಅಲ್ಲ, ಮೇಲಿನ ಹದಿಮೂರನೆಯದೂ ಕೆಳಗಿನ ಹದಿನೈದನೆಯದೂ ಪೂರ್ತಿಯಾಗಿ ಬಂದಿದ್ದವು.

“ಅವ್ವಾ, ನನ್ನ ಫೋನಿನ್ಯಾಗ ಮೂರ ಸಾಲ ಅದಾವ. ಉಳದೋರ ಫೋನಿನ್ಯಾಗೂ ಹಂಗ ಇರಬೇಕಲ್ಲ?”

ಶರ್ವಾಣಿ ಫೋನು ನೋಡಿದಳು. ಆಮೇಲೆ ಉದ್ದಕ್ಕೆ ಹಚ್ಚಿಕೊಂಡಿದ್ದ ದೀಪಗಳ ಸಾಲನ್ನು, ಅವುಗಳ ಹಿಂದೆ ಕೂತಿದ್ದ ಜನರನ್ನು ನೋಡಿದಳು. ಒಬ್ಬೊಬ್ಬರ ಜೇಬಿನಲ್ಲೂ ಮಡಿಲಲ್ಲೂ ಪಟ್ಟಿಯ ಒಂದೊಂದು ಚೂರು ಇತ್ತು. ಯಾರೂ ಹಂಚಿಡದೆಯೇ ಹಂಚಿಹೋಗಿತ್ತು.

“ಪೂರ್ತಿ ಬೇಕು ಆಂಟಿ,” ಎಂದಳು. “ನಮಗೆ ಆ ಹೆಚ್ಚುವರಿ ಚೂರಿನ ಅನುಕೂಲ ಇಲ್ಲ. ತೊಂಬತ್ತಾರರಲ್ಲಿ ಒಂದು ಸಾಲು ಇಲ್ಲದಿದ್ರೂ ಗುರುತು ಹೊಂದಲ್ಲ. ಹೆಸರು ಗೋಡೆ ಮೇಲಿದೆ, ಆ ಹನ್ನೆರಡು ಅಂಕಿ ಊಹಿಸೋಕಾಗಲ್ಲ.”

ಮಂಗಳವಾರದಿಂದ ಶರಣಮ್ಮ ರೊಟ್ಟಿಯ ಕೆಲಸ ಮುಗಿಸಿ ಮಧ್ಯಾಹ್ನಗಳಲ್ಲಿ ನಡೆದಳು. ಕುಮಾರಸ್ವಾಮಿ ಲೇಔಟಿನ ಏರು, ಬನಶಂಕರಿಯ ಸಂದಿಗಳು, ಹೊಸಕೆರೆಹಳ್ಳಿಯ ಕೆರೆಯ ದಂಡೆಯ ಮನೆಗಳು. ತಾನು ಇಷ್ಟು ವರ್ಷ ಪಕ್ಕದಲ್ಲೇ ಕೂತವರ ಮನೆಯ ಬಾಗಿಲು ಯಾವ ಬಣ್ಣದ್ದೆಂದು ಅವಳಿಗೆ ಗೊತ್ತಾದದ್ದು ಆಗಲೇ. ಹೂವಿನ ಸರಸ್ವತಿ ನೀರು ಕೊಟ್ಟು, ಫೋಟೊ ಕೊಟ್ಟು, ಇನ್ನೂ ನಾಲ್ಕು ಜನಕ್ಕೆ ತಾನೇ ಫೋನು ಮಾಡಿದಳು. ಒಬ್ಬ, “ನನ್ನ ನಂಬರ್ ಸರಿಯಾಗೇ ಇದೆಯಲ್ಲ, ನನಗ್ಯಾಕೆ?” ಎಂದ.

“ಸರಿ ಐತಿ ಅಂತ ನಿಮಗ ಹೆಂಗ ಗೊತ್ತು?” ಎಂದಳು ಶರಣಮ್ಮ. “ಗ್ವಾಡಿ ಹೇಳತೈತಿ, ನೀವು ನಂಬೀರಿ. ನಂದೂ ಗ್ವಾಡೀನ ಹೇಳೂದು.”

ಅವನು ಫೋನು ತೆಗೆದ.

ಗುರುವಾರದ ಹೊತ್ತಿಗೆ ಅರವತ್ತೊಂದು ಫೋಟೊ ಸಿಕ್ಕವು. ಒಂದರ ಅಂಚು ಇನ್ನೊಂದರೊಳಗೆ ಸೇರಿ, ತೊಂಬತ್ತೈದು ಸಾಲು ತುಂಬಿಕೊಂಡವು. ಖಾಲಿ ಉಳಿದದ್ದು ಒಂದೇ, ಎಂಬತ್ತಮೂರು. ಅದು ಮೇಲಿನ ಎಂಬತ್ತೆರಡನೆಯವನ ಫೋಟೊದಲ್ಲಿರಬೇಕಿತ್ತು. ಅವನು ವಿಷ್ಣು. ತನ್ನ ಹೆಸರಿನ ಸಾಲಷ್ಟೇ ಉಳಿಯುವಂತೆ ಕತ್ತರಿಸಿ, ಗುಲಾಬಿ ಹೂವಿನ ಅಂಚು ಹಾಕಿ ಸ್ಟೇಟಸ್ಸಿನಲ್ಲಿ ಇಟ್ಟುಕೊಂಡಿದ್ದ. “ಅಕ್ಕ, ನನಗೇನು ಗೊತ್ತು ಪಕ್ಕದ್ದಕ್ಕೂ ಬೆಲೆ ಇದೆ ಅಂತ!” ಎಂದು ತಲೆ ಚಚ್ಚಿಕೊಂಡ. ಎಂಬತ್ನಾಲ್ಕನೆಯವನಾದ ಪೊರಕೆಯ ನಿಂಗರಾಜನ ಫೋನು ನೀರಿನ ಸಂಪಿಗೆ ಬಿದ್ದು ಹಾಳಾಗಿತ್ತು. ಇನ್ನು ಆ ಸಾಲು ಇರುವುದು ಆ ಸಾಲಿನ ಒಡತಿಯ ಹತ್ತಿರ ಮಾತ್ರ. ಗೋಡೆಯ ಮೇಲೆ ಈಗ ಹದಿನಾಲ್ಕರಲ್ಲಿ ಕೂತಿರುವವಳು.

ಅಂಜನಮ್ಮ ಹಳೆಯ ಊರಿನವಳು. ಲೇಔಟು ಆಗುವ ಮೊದಲು ಅಲ್ಲಿದ್ದ ಹೊಲಗಳಲ್ಲಿ ಅವರದ್ದೂ ಒಂದು. ಈಗ ಮೂರಂತಸ್ತಿನ ಮನೆ, ಮೇಲೆ ಬಾಡಿಗೆಯವರು. ಗಂಡ ಹೋದ ಮೇಲೆ ಮನೆಯಲ್ಲಿ ಕೂರಲಾರದೆ ಮೂರು ವರ್ಷದಿಂದ ಬೆಳಗಿನ ಹೊತ್ತು ಸೊಪ್ಪು ಮಾರುತ್ತಿದ್ದಳು. ಶುಕ್ರವಾರ ಹತ್ತೂವರೆಗೆ ಶರಣಮ್ಮ ಹೋದಾಗ ಮೆಟ್ಟಿಲ ಮೇಲೆ ಕೂತು, ಉಳಿದ ಸಬ್ಬಸಿಗೆಯ ಕಂತೆ ಬಿಚ್ಚಿ ಹಳದಿ ಎಸಳು ಕೀಳುತ್ತಿದ್ದಳು.

“ಬಾ ರೊಟ್ಟಿಯಮ್ಮ. ನಾಕು ದಿನದಿಂದ ಊರೆಲ್ಲಾ ಸುತ್ತಿದ್ದೀಯ, ನಮ್ಮನೆ ಒಂದೇ ಬಿಟ್ಟಿದ್ದೆ. ನಾನೇನು ಕಚ್ತೀನಾ?”

“ಕಚ್ಚೂದಲ್ರಿ. ಕೇಳಾಕ ಬಾಯಿ ಬರಲಿಲ್ಲ.”

“ಕೂತ್ಕೊ. ಆ ಕಂತೆ ಬಿಚ್ಚು.”

ಶರಣಮ್ಮ ಕೂತು ಇನ್ನೊಂದು ಕಂತೆ ಬಿಚ್ಚಿದಳು. ಇಬ್ಬರ ಬೆರಳುಗಳೂ ಕೆಲಸ ಮಾಡಿದವು.

“ಫೋಟೊ ಐತೆ ಕಣಮ್ಮ,” ಎಂದಳು ಅಂಜನಮ್ಮ. “ಮೊಮ್ಮಗಳು ತೆಗೆದುಕೊಟ್ಳು. ಎಂಬತ್ಮೂರು. ಗೋಡೆ ಮೇಲೆ ಹದಿನಾಕು ಅಂತ ನೋಡ್ದಾಗ ನನಗೂ ಗೊತ್ತಾಯ್ತು. ನಾನೇನು ಕೈಲಾಸನ್ನ ಕೇಳಿರ್ಲಿಲ್ಲ. ಅವನೇ ಮಾಡವ್ನೆ. ನಾನು ಸುಮ್ಕಾದೆ.”

“ಹೂಂನ್ರಿ.”

“ಆ ಶೆಡ್ಡು ನಿಂತೈತಲ್ಲ, ಅಲ್ಲಿ ನಮ್ಮತ್ತೆ ಕೊತ್ತಂಬರಿ ಹಾಕ್ತಿದ್ರು. ಪಂಪ್‌ಸೆಟ್ ಇದ್ದ ಕಡೆ ಈಗ ಟ್ರಾನ್ಸ್‌ಫಾರ್ಮರ್ ಇಟ್ಟವ್ರೆ. ನಾನು ಒಂದನೇ ನಂಬರ್ ಕೇಳಿದ್ರೂ ತಪ್ಪಿಲ್ಲ.”

“ತಪ್ಪಿಲ್ರಿ.”

“ನಿಂಗೆ ಕೋಪ ಬರಲ್ವಾ?”

“ಬಂದೈತ್ರಿ. ಯಾರ ಮ್ಯಾಲ ಬಂದೈತಿ ಅಂತ ತಿಳೀವಲ್ದು.”

ಅಂಜನಮ್ಮ ಅವಳ ಮುಖ ನೋಡಿದಳು. “ಇದು ಕೊಟ್ರೆ ನಾನು ಹಿಂದಕ್ಕೆ ಹೋಗ್ತೀನಿ. ಮೋರಿ ಪಕ್ಕ.”

“ಹೌದ್ರಿ.”

“ಒಂದು ಸುಳ್ಳು ಹೇಳಿ ಸಮಾಧಾನ ಮಾಡೋಕಾದ್ರೂ ಬರಲ್ವಲ್ಲೇ ನಿಂಗೆ!”

ಶರಣಮ್ಮ ಕಂತೆಯನ್ನು ಬಾಳೆನಾರಿನಿಂದ ಕಟ್ಟಿ, ನೀರು ಚಿಮುಕಿಸಿ ಬುಟ್ಟಿಯಲ್ಲಿಟ್ಟಳು. “ನಾಳೆ ಮೂರಕ್ಕ ಸಂಘದ ಆಫೀಸಿನ್ಯಾಗ ಇರ್ತೀವ್ರಿ,” ಎಂದು ಎದ್ದಳು. ಅಂಜನಮ್ಮ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ಸಂಘದ ಆಫೀಸು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಶನಿವಾರ ಮೂರಕ್ಕೆ ಶರ್ವಾಣಿ ಲ್ಯಾಪ್‌ಟಾಪ್ ತೆರೆದು ಕೂತಳು. ತೊಂಬತ್ತೈದು ಸಾಲು ತುಂಬಿದ ಪಟ್ಟಿಯ ನಡುವೆ ಒಂದು ಸಾಲು ಖಾಲಿಯಾಗಿ ಹೊಳೆಯುತ್ತಿತ್ತು. ಕೈಲಾಸ್ ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದ.

“ಮೇಡಂ, ಇಷ್ಟೆಲ್ಲಾ ಯಾಕೆ? ಹಿಂದಿನ ಜಾಗಾನೂ ಜಾಗಾನೇ. ಜನ ಬಂದೇ ಬರ್ತಾರೆ.”

“ಹಾಗಿದ್ರೆ ನಿಮ್ಮ ಮೊಬೈಲ್ ಅಂಗಡಿ ಅಲ್ಲಿಗೆ ಹಾಕಿ,” ಎಂದಳು ಶರ್ವಾಣಿ. ಅವನು ಕಾಲರು ಸರಿ ಮಾಡಿಕೊಂಡ.

ಮೂರೂವರೆಗೆ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿತು. ಅಂಜನಮ್ಮ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು. ಫೋನನ್ನು ಶರ್ವಾಣಿಯ ಕಡೆ ಚಾಚಿದಳು, ಕೈಲಾಸನ ಕಡೆ ನೋಡುತ್ತಾ.

“ಅಮ್ಮ, ನಿಮಗೋಸ್ಕರಾನೇ ಅಲ್ವಾ ನಾನು…” ಎಂದು ಅವನು ಎದ್ದ.

“ನನಗೆ ಬೇಕು ಅಂದ್ರೆ ಎಲ್ಲರ ಮುಂದೆ ಕೇಳ್ತೀನಿ ಕಣೋ. ಕೊಟ್ರೆ ಕೂರ್ತೀನಿ, ಇಲ್ಲ ಅಂದ್ರೆ ಬಿಡ್ತೀನಿ. ನಮ್ಮ ಹೊಲದಲ್ಲಿ ನಾನು ಕದ್ದು ಕೂರಬೇಕಾ?”

ಶರ್ವಾಣಿ ಎಂಬತ್ತಮೂರನೆಯ ಸಾಲು ತುಂಬಿದಳು. ಗುಂಡಿ ಒತ್ತಿದಳು. ಪರದೆಯ ಮೇಲೆ ಎರಡು ಗುರುತುಗಳು ಮೇಲೆ ಕೆಳಗೆ ಮೂಡಿದವು, ಚೈನಿನದು ಮತ್ತು ಇವರದು. ಎರಡೂ ಬೇರೆ ಬೇರೆ.

ಕೈಲಾಸನ ಕಣ್ಣು ಅಂಜನಮ್ಮನ ಫೋನಿನ ಮೇಲೆ ಹೋಯಿತು. ಶರ್ವಾಣಿಯದೂ, ಒಂದು ಗಳಿಗೆ. ಅಂಜನಮ್ಮನಿಗೆ ಅದು ತಿಳಿಯಿತು. “ನನ್ನ ಮೇಲೆ ಅನುಮಾನನಾ?” ಎಂದಳು ಸಣ್ಣ ದನಿಯಲ್ಲಿ.

“ಇಲ್ರಿ,” ಎಂದಳು ಶರಣಮ್ಮ. ಅವಳಿಗೆ ತನ್ನ ದನಿ ತನಗೇ ದೊಡ್ಡದೆನಿಸಿತು. “ಅವ್ವಾ, ಸೀಳಿದ ಗಾಜಿನ ಫೋನು ಯಾರದಿತ್ತು? ಅದರಾಗ ಅಂಕಿ ನೆಟ್ಟಗ ಕಾಣತಿದ್ದಿಲ್ಲ.”

ಅದು ಇಪ್ಪತ್ತೊಂಬತ್ತನೆಯವರದು. ಶರಣಮ್ಮ ಮೂವತ್ತನೆಯವರ ಫೋಟೊ ತೆರೆಸಿದಳು; ಅದರ ಮೇಲಂಚಿನಲ್ಲಿ ಇಪ್ಪತ್ತೊಂಬತ್ತರ ಸಾಲೂ ಇತ್ತು. ಬೆರಳಿಟ್ಟು ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ಓದಿದಳು. ಗಾಜಿನ ಬಿರುಕು ಆರನ್ನು ಎಂಟು ಮಾಡಿತ್ತು. ಶರ್ವಾಣಿ ತಿದ್ದಿ ಮತ್ತೆ ಒತ್ತಿದಳು.

ಅರವತ್ತನಾಲ್ಕು ಅಕ್ಷರ. ಮೇಲಿನದು ಕೆಳಗಿನದು ಒಂದೇ.

ಶರ್ವಾಣಿ ಲ್ಯಾಪ್‌ಟಾಪನ್ನು ಕೈಲಾಸನ ಕಡೆ ತಿರುಗಿಸಿದಳು. ಅವನು ಬಹಳ ಹೊತ್ತು ಓದಿದ, ಆ ಅಕ್ಷರಗಳಿಗೆ ಅರ್ಥವಿದೆಯೇನೋ ಎಂಬಂತೆ. ಆಮೇಲೆ ಕುರ್ಚಿಗೆ ಒರಗಿದ.

“ಅವರ ಜಾಗದಲ್ಲೇ ಶೆಡ್ ಕಟ್ಟಿದೀವಿ, ಮುಂದೆ ಕೂರಿಸೋಣ ಅಂದ್ಕೊಂಡೆ,” ಎಂದ. “ಯಾರನ್ನ ಹಿಂದೆ ಹಾಕೋದು ಅಂತ ನೋಡ್ದೆ. ನೀವು ಮಾತಾಡೋರಲ್ಲ ಅಕ್ಕ, ಸುಮ್ನಿರ್ತೀರ ಅಂತ…”

ಶರಣಮ್ಮ ಅವನನ್ನು ನೋಡಿದಳು. ಕೋಪ ಯಾರ ಮೇಲೆ ಎಂಬುದು ಈಗ ತಿಳಿಯಿತು. ತಿಳಿದ ಮೇಲೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ.

“ಗ್ವಾಡಿ ಮ್ಯಾಗಿನ ಕಾಗದ ತಗೀರಿ,” ಎಂದಳು. “ಈ ಪಟ್ಟಿ ಹಚ್ಚರಿ. ಮತ್ತ ಇಡೀ ಪಟ್ಟಿ ಎಲ್ಲಾರ ಫೋನಿಗೂ ಕಳಸ್ರಿ. ಒಬ್ಬರ ಹಂತ್ಯಾಕ ಇರೂದು ಬ್ಯಾಡ, ನನ್ನ ಹಂತ್ಯಾಕೂ ಬ್ಯಾಡ.”

“ಕಳಿಸ್ತೀನಿ ಅಕ್ಕ. ಒಂದು ಅರ್ಜಿ ಬರೀಬೇಕು, ಕೂತ್ಕೊಳ್ಳಿ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ…’” ಕೈಲಾಸ್ ಖಾನೆಯಿಂದ ಹಾಳೆ ತೆಗೆದು ಪೆನ್ನು ಹುಡುಕತೊಡಗಿದ.

ಶರಣಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಅಂಜನಮ್ಮ ಇರಲಿಲ್ಲ. ಕಿಟಕಿಯಿಂದ ಬಗ್ಗಿದರೆ, ಆಕೆ ಕೆಳಗಿನ ರಸ್ತೆಯಲ್ಲಿ ಯಾರ ಕೈಯನ್ನೂ ಹಿಡಿಯದೆ, ಒಂದೊಂದು ಕಲ್ಲು ನೋಡಿಕೊಂಡು ನಡೆಯುತ್ತಿದ್ದಳು.

“ಅರ್ಜಿ ನೀ ಬರಿಯವ್ವ, ನಾ ಬಂದು ರುಜು ಹಾಕ್ತೀನಿ,” ಎಂದು ಶರ್ವಾಣಿಗೆ ಹೇಳಿ ಶರಣಮ್ಮ ಮೆಟ್ಟಿಲಿಳಿದಳು. ಝೆರಾಕ್ಸ್ ಅಂಗಡಿ ದಾಟಿ, ನಿಂತಿದ್ದ ಆಟೊ ಸುತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಗ ಬೇಗ ಹೆಜ್ಜೆ ಹಾಕಿದಳು. ಹಿಂದಿನಿಂದಲೇ ಕೂಗಿದಳು.

“ಅಂಜನಮ್ಮಾರ! ತಡೀರಿ. ನಿಮ್ಮ ಸೊಪ್ಪು ಹತ್ತಕ್ಕ ಮುಗೀತೈತಿ, ನಾ ನಾಕಕ್ಕ ಬರಾಕಿ.” ಅಂಜನಮ್ಮ ನಿಲ್ಲಲಿಲ್ಲ, ಆದರೆ ನಡಿಗೆ ಸ್ವಲ್ಪ ನಿಧಾನವಾಯಿತು, ಶರಣಮ್ಮ ಅವಳ ಪಕ್ಕಕ್ಕೆ ಬಂದು, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಾ, “ಮುಂಜಾನಿ ಆ ಹದಿನಾಕನೇ ಜಾಗಾ ಸುಮ್ಮ ಖಾಲಿ ಬೀಳೂದ ಯಾಕ್ರಿ, ನಿಮ್ಮ ಬುಟ್ಟಿ ತಂದು ಅಲ್ಲೇ ಇಡ್ರಿ,” ಎಂದಳು.